ಸೆಂಟಿಮೀಟರಿನ ಬಾಕಿ

ಕಾಮರ್ಸ್ ಓದುವವನಿಗೆ ಭೂಮಿಯ ಉಸಾಬರಿ ಯಾಕೆ ಅಂತ ಕೇಳಬೇಡಿ. ಇದೂ ಲೆಕ್ಕದ ವಿಷಯವೇ.

ಖಂಡಗಳು ಸರಿಯುತ್ತವೆ ಎಂದು ಜರ್ಮನಿಯ ಆಲ್‌ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಹೆಚ್ಚಿನ ಭೂವಿಜ್ಞಾನಿಗಳು ಒಪ್ಪಲಿಲ್ಲ. ಹಳೆಯ ರೇಖಾಂಶದ ಅಳತೆಗಳನ್ನು ಹೋಲಿಸಿ, ಗ್ರೀನ್‌ಲೆಂಡ್ ವರ್ಷಕ್ಕೆ ಹಲವು ಮೀಟರ್ ಸರಿಯುತ್ತಿದೆ ಎಂದು ಆತ ಲೆಕ್ಕ ಹಾಕಿದ್ದ. ನಿಜವಾದ ಚಲನೆ ಸೆಂಟಿಮೀಟರುಗಳದು. ಅದನ್ನು ಹಿಡಿಯುವ ಉಪಕರಣ ಆಗ ಇರಲಿಲ್ಲ. 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲೇ ಆತ ತೀರಿಕೊಂಡ.

ಉತ್ತರ ಬಂದದ್ದು ಆಕಾಶದಿಂದ. ಕ್ವೇಸಾರ್ ಎಂಬ ಕಾಯಗಳು ನೂರಾರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. ಅಷ್ಟು ದೂರ ಇರೋದರಿಂದ ನಮ್ಮ ಕಣ್ಣಿಗೆ ಕದಲದ ಗುರುತುಕಲ್ಲುಗಳಿದ್ದ ಹಾಗೆ. ಒಂದು ಕ್ವೇಸಾರಿನ ರೇಡಿಯೋ ಅಲೆಯನ್ನು ಎರಡು ದೇಶಗಳ ಆಂಟೆನಾಗಳು ಪರಮಾಣು ಗಡಿಯಾರದ ಸಮಯದ ಜೊತೆ ದಾಖಲಿಸುತ್ತವೆ. ಒಂದಕ್ಕೆ ಅಲೆ ಸ್ವಲ್ಪ ತಡವಾಗಿ ತಲುಪುತ್ತೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಡ ಅಂದ್ರೆ 30 ಸೆಂ.ಮೀ. ಹೆಚ್ಚು ದಾರಿ. ಹೀಗೆ ಅನೇಕ ಕ್ವೇಸಾರುಗಳನ್ನು ನೋಡಿ ಆಂಟೆನಾಗಳ ನಡುವಿನ ದೂರ ತೆಗೆಯುತ್ತಾರೆ. ಅಮೆರಿಕದ ವೆಸ್ಟ್‌ಫರ್ಡ್, ಜರ್ಮನಿಯ ವೆಟ್‌ಜೆಲ್ ನಡುವೆ ಸುಮಾರು 6,000 ಕಿ.ಮೀ.; ಅದು ವರ್ಷಕ್ಕೆ ಸುಮಾರು 1.7 ಸೆಂ.ಮೀ. ಹೆಚ್ಚುತ್ತಿದೆ. ಉಗುರು ಬೆಳೆಯುವಷ್ಟೂ ಅಲ್ಲ!

ಇದೇ ಅಳತೆ ಭೂಮಿಯ ತಿರುಗುವಿಕೆಯನ್ನೂ ಹೇಳುತ್ತೆ. ಭೂಮಿ ಒಂದು ಮಿಲಿಸೆಕೆಂಡ್ ಹಿಂದೆ ಬಿದ್ದರೆ ಭೂಮಧ್ಯರೇಖೆಯಲ್ಲಿ 46 ಸೆಂ.ಮೀ. ವ್ಯತ್ಯಾಸ. ಗಾಳಿ ಜೋರಾದರೂ ದಿನದ ಉದ್ದ ತುಸು ಬದಲಾಗುತ್ತದಂತೆ, ಓದಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ. ಗಡಿಯಾರವನ್ನು ಭೂಮಿಗೆ ಹೊಂದಿಸಲು 1972ರಿಂದ 2016ರವರೆಗೆ 27 ಸೆಕೆಂಡು ಸೇರಿಸಿದ್ದಾರೆ. ಉಪಗ್ರಹಗಳಷ್ಟೇ ಇದಕ್ಕೆ ಸಾಲವು. ಅವುಗಳ ಕಕ್ಷೆಯೇ ಕದಲುತ್ತಿರುತ್ತೆ.

ದೂರ ಅಳೆಯಲು ಮಾತ್ರ ಜಿಪಿಎಸ್ ಬಹಳ ಅನುಕೂಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅಂಥ ಕೇಂದ್ರ ಇದೆ. ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ಮುಂಬಯಿಯೂ ಅದೇ ಫಲಕದ ಮೇಲೆ ಜೊತೆಗೇ ಸಾಗುತ್ತಿರೋದರಿಂದ ನಮ್ಮ ಊರುಗಳ ದೂರವೇನೂ ಹೆಚ್ಚೋದಿಲ್ಲ ಬಿಡಿ.

ತಾಪತ್ರಯ ಇರುವುದು ಹಿಮಾಲಯದಲ್ಲಿ. ಅಲ್ಲಿ ವರ್ಷಕ್ಕೆ ಸುಮಾರು 2 ಸೆಂ.ಮೀ. ಚಲನೆ ಬಂಡೆಗಳಲ್ಲಿ ಸಿಕ್ಕಿಕೊಂಡು, ಲೆಡ್ಜರಿನ ಬಾಕಿಯಂತೆ ಮುಂದಿನ ವರ್ಷಕ್ಕೆ ಹೋಗುತ್ತದೆ. ತೀರುವುದು ಭೂಕಂಪದಲ್ಲಿ. ಯಾವ ದಿನ ಅಂತ ಈ ಅಳತೆಗಳು ಹೇಳಲಾರವು, ಮೊತ್ತ ಎಷ್ಟು ಅಂತ ಹೇಳುತ್ತವೆ. 2015ರಲ್ಲಿ ನೇಪಾಳದಲ್ಲಿ ಒಂದು ಭಾಗವಷ್ಟೇ ಜಾರಿತು. ಪಶ್ಚಿಮ ನೇಪಾಳದ ಕಡೆ ಕೊನೆಯ ಮಹಾಭೂಕಂಪ ಆದದ್ದು 1505ರಲ್ಲಿ. ಆಗಿನಿಂದ 500ಕ್ಕೂ ಹೆಚ್ಚು ವರ್ಷ, ವರ್ಷಕ್ಕೆ 2 ಸೆಂ.ಮೀ.: ಹತ್ತಿರ ಹತ್ತಿರ 10 ಮೀಟರ್.