ಸಂಶೋಧನಾ ಹಡಗಿನ ಡೆಕ್‌ನಲ್ಲಿ ಕೆಲಸ: ಸೇರುವುದು ಹೇಗೆ, ಮಾಡುವುದು ಹೇಗೆ?

ಮೂರು ಸಾವಿರ ಮೀಟರ್ ಆಳದ ನೀರಿನ ಮಾದರಿ ವಿಜ್ಞಾನಿಯ ಕೈಗೆ ತಲುಪಬೇಕಾದರೆ ಉಪಕರಣವನ್ನು ಕಡಲಿಗಿಳಿಸಿ, ಜೋಪಾನವಾಗಿ ಮೇಲೆತ್ತುವವರು ಬೇಕು. ಆ ಕೆಲಸ ಡೆಕ್ ಸಿಬ್ಬಂದಿಯದು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ‘ಸಿಂಧು ಸಾಧನಾ’, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ (ಎನ್‌ಐಒಟಿ) ‘ಸಾಗರ ನಿಧಿ’, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಸಮುದ್ರ ರತ್ನಾಕರ’ ಇಂಥ ಹಡಗುಗಳು. ಸರ್ವೇಕ್ಷಣೆಯ ಸಾಗರ ವಿಭಾಗದ ಕೇಂದ್ರ ಕಚೇರಿ ಮಂಗಳೂರಿನಲ್ಲೇ ಇದೆ.

1. ಅರ್ಹತೆ ನೋಡಿಕೊಳ್ಳಿ
ವಿಜ್ಞಾನ, ಗಣಿತ, ಇಂಗ್ಲಿಷ್ ಓದಿ ಹತ್ತನೇ ತರಗತಿ ಪಾಸಾದವರು ಜಿ.ಪಿ. ರೇಟಿಂಗ್ ಎಂಬ ಆರಂಭಿಕ ನಾವಿಕ ತರಬೇತಿಗೆ ಪ್ರಯತ್ನಿಸಬಹುದು. ಅಂಕ ಮತ್ತು ವಯೋಮಿತಿಯ ಈಗಿನ ನಿಯಮಗಳನ್ನು ನೌಕಾಯಾನ ಮಹಾನಿರ್ದೇಶನಾಲಯದ (ಡಿ.ಜಿ. ಶಿಪ್ಪಿಂಗ್) ಜಾಲತಾಣದಲ್ಲಿ ಓದಿಕೊಳ್ಳಿ. ಶುಲ್ಕ ಕಟ್ಟುವ ಮೊದಲೇ ಕಣ್ಣಿನ ಪರೀಕ್ಷೆ ಮಾಡಿಸಿ. ಬಣ್ಣಗುರುಡು ಇದ್ದವರಿಗೆ ಡೆಕ್ ಕೆಲಸ ಸಿಗದು.

2. ತರಬೇತಿ, ದಾಖಲೆ
ಜಿ.ಪಿ. ರೇಟಿಂಗ್ 6 ತಿಂಗಳ ಕೋರ್ಸ್. ಡಿ.ಜಿ. ಶಿಪ್ಪಿಂಗ್ ಮಾನ್ಯತೆ ಪಡೆದ ಸಂಸ್ಥೆಯನ್ನೇ ಆರಿಸಿಕೊಳ್ಳಿ. ಕಡಲಲ್ಲಿ ಜೀವ ಉಳಿಸಿಕೊಳ್ಳುವ ವಿಧಾನ, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ ಮೊದಲಾದ ಅಂತರರಾಷ್ಟ್ರೀಯ ಮಾನದಂಡದ (ಎಸ್‌ಟಿಸಿಡಬ್ಲ್ಯು) ಪ್ರಮಾಣಪತ್ರಗಳು ಕಡ್ಡಾಯ. ಪಾಸ್‌ಪೋರ್ಟ್, ನಾವಿಕರ ನೋಂದಣಿ ಸಂಖ್ಯೆಯಾದ ಇಂಡೋಸ್ ಮತ್ತು ನಾವಿಕರ ಸೇವಾ ಪುಸ್ತಕವಾದ ಸಿಡಿಸಿಯೂ ಬೇಕು.

3. ಕೆಲಸ ಹುಡುಕುವಾಗ
ಇಂಥ ಹಡಗುಗಳ ಸಿಬ್ಬಂದಿಯನ್ನು ಬಹಳ ಸಲ ಸಂಶೋಧನಾ ಸಂಸ್ಥೆ ನೇರವಾಗಿ ನೇಮಿಸುವುದಿಲ್ಲ, ಹಡಗು ನಿರ್ವಹಣಾ ಕಂಪನಿ ನೇಮಿಸುತ್ತದೆ. ಕಂಪನಿಗೆ ನಾವಿಕರ ನೇಮಕಾತಿಗೆ ಬೇಕಾದ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕೆಲಸ ಕೊಡಿಸಲು ನಾವಿಕರಿಂದ ಹಣ ಪಡೆಯುವುದು ಕಾನೂನುಬಾಹಿರ. ಲಕ್ಷಗಟ್ಟಲೆ ಕೇಳುವ ಏಜೆಂಟನ ಮಾತು ಎಷ್ಟೇ ಸವಿಯಾಗಿದ್ದರೂ ಒಂದು ರೂಪಾಯಿಯನ್ನೂ ಕೊಡಬೇಡಿ.

4. ಮುಖ್ಯ ಕೆಲಸ ಕಲಿಯಿರಿ
ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಹಡಗನ್ನು ಕಟ್ಟುವುದು, ಕಾವಲು ಪಾಳಿ ಎಲ್ಲ ಹಡಗುಗಳಲ್ಲೂ ಇದ್ದದ್ದೇ. ಸಂಶೋಧನಾ ಹಡಗಿನ ವಿಶೇಷ ಇರುವುದು ಕೇಬಲ್ ಸುತ್ತುವ ವಿಂಚ್ ಮತ್ತು ಉಪಕರಣವನ್ನು ಹಡಗಿನಾಚೆಗೆ ಚಾಚಿ ಇಳಿಸುವ ಚೌಕಟ್ಟಾದ ಎ-ಫ್ರೇಮ್ ಬಳಿ. ನೀರಿನ ಲವಣಾಂಶ, ಉಷ್ಣತೆ, ಆಳ ಅಳೆಯುವ ಸಿಟಿಡಿ ಉಪಕರಣದ ಸುತ್ತ ನೀರು ಹಿಡಿಯುವ ಬಾಟಲಿಗಳಿರುತ್ತವೆ. ಅದನ್ನು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಇಳಿಸುತ್ತಾರೆ. 3,000 ಮೀಟರ್ ಮುಟ್ಟಲು 50 ನಿಮಿಷ ಬೇಕು, ಮೇಲೆ ತರಲು ಅದಕ್ಕಿಂತ ಹೆಚ್ಚು. ಅಷ್ಟೂ ಹೊತ್ತು ಕೇಬಲ್ ಮೇಲೆ ಕಣ್ಣಿರಬೇಕು. ಅತ್ಯಂತ ಸೂಕ್ಷ್ಮ ಗಳಿಗೆ ಉಪಕರಣ ನೀರು ಬಿಟ್ಟು ಮೇಲೇಳುವಾಗಿನದು. ಹಡಗು ಹೊರಳಿದಂತೆ ಅದೂ ತೂಗಾಡುತ್ತದೆ. ಎರಡೂ ಬದಿಯಿಂದ ಹಿಡಿಹಗ್ಗ ಬಿಗಿದು ತೂಗಾಟ ತಡೆಯಬೇಕು, ಬರಿಗೈಯಲ್ಲಿ ಹಿಡಿಯಲು ಹೋಗಬಾರದು.

5. ಸುರಕ್ಷತೆ ಮರೆಯಬೇಡಿ
ಹೆಲ್ಮೆಟ್, ಲೈಫ್ ಜಾಕೆಟ್, ಸೇಫ್ಟಿ ಶೂ ಇಲ್ಲದೆ ಕೆಲಸದ ಜಾಗಕ್ಕೆ ಕಾಲಿಡಬೇಡಿ. ಬಿಗಿದ ಹಗ್ಗ ತುಂಡಾದರೆ ಚಾಟಿಯಂತೆ ಬೀಸಿ ಬರುತ್ತದೆ. ಅದರ ಹಾದಿಯಲ್ಲಿ ನಿಲ್ಲಬೇಡಿ, ಹಗ್ಗದ ಸುರುಳಿಯೊಳಗೆ ಕಾಲಿಡಬೇಡಿ. ವಿಂಚ್ ನಡೆಸುವವರಿಗೆ ಸನ್ನೆ ಮಾಡುವವರು ಒಬ್ಬರೇ ಇರಬೇಕು. ಆದರೆ ‘ನಿಲ್ಲಿಸಿ’ ಎಂದು ಕೂಗುವ ಹಕ್ಕು ಎಲ್ಲರಿಗೂ ಇದೆ.

6. ಮಾದರಿ ಕಾಪಾಡಿ
ಗ್ರೀಸ್ ಮೆತ್ತಿದ ಕೈಯಿಂದ ಬಾಟಲಿಯ ನಲ್ಲಿ ಮುಟ್ಟಬೇಡಿ. ಮಾದರಿ ತೆಗೆಯುವ ಜಾಗದಲ್ಲಿ ಸಿಗರೇಟು ಸೇದಬೇಡಿ. ಆ ಸಮಯದಲ್ಲಿ ಅಡುಗೆಮನೆಯ ತ್ಯಾಜ್ಯವನ್ನೂ ಕಡಲಿಗೆ ಬಿಡಬಾರದು. ಇಷ್ಟರಿಂದಲೇ ಅಳತೆ ತಪ್ಪಬಹುದು. ಏನು ಅಳೆಯುತ್ತಿದ್ದಾರೆ, ಯಾಕೆ ಎಂದು ವಿಜ್ಞಾನಿಗಳನ್ನು ಕೇಳಿ ತಿಳಿಯಿರಿ. ಉದ್ದೇಶ ಗೊತ್ತಿದ್ದವರ ಕೈ ತಾನಾಗಿಯೇ ಎಚ್ಚರವಾಗಿರುತ್ತದೆ.

7. ಮುಂದಿನ ಮೆಟ್ಟಿಲು
ಟ್ರೇನಿಯಾಗಿ ಸೇರಿದವರು ಆರ್ಡಿನರಿ ಸೀಮನ್, ಏಬಲ್ ಸೀಮನ್ ಆಗಿ, ಡೆಕ್ ತಂಡದ ಮುಖ್ಯಸ್ಥ ಬೋಸನ್ ಹುದ್ದೆಯವರೆಗೆ ಏರಬಹುದು. ಬಡ್ತಿಗೆ ಕಡಲ ಸೇವೆಯ ಅವಧಿಯೇ ಆಧಾರ. ಹಾಗಾಗಿ ಪ್ರತಿ ಸಲ ಹಡಗಿನಿಂದ ಇಳಿಯುವ ಮೊದಲು ಸಿಡಿಸಿಯಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಸರಿಯಾಗಿ ನಮೂದಾಗಿದೆಯೇ, ಕ್ಯಾಪ್ಟನ್ ಸಹಿ ಬಿದ್ದಿದೆಯೇ ಎಂದು ನೋಡಿಕೊಳ್ಳಿ.