ನಗುವಿಗೊಂದು ಹೊದಿಕೆ: ಹಲ್ಲಿನ ವೆನೀರ್‌ಗಳಲ್ಲಿ ಯಾವುದು, ಯಾರಿಗೆ?

ಶರಣರು ಶರೀರವನ್ನು ಹಗುರಾಗಿ ಕಂಡವರಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ಕಾಯ, ಕಾಯಕವನ್ನು ನಡೆಸುವುದು ಈ ಕಾಯ, ಪ್ರಸಾದವನ್ನು ಸ್ವೀಕರಿಸುವುದೂ ಈ ಕಾಯವೇ. ಆ ಪ್ರಸಾದಕ್ಕೆ ಮೊದಲ ಬಾಗಿಲು ಬಾಯಿ. ಬಾಯಿಯನ್ನೂ ಹಲ್ಲನ್ನೂ ಶುಚಿಯಾಗಿ, ಅಂದವಾಗಿ ಇಟ್ಟುಕೊಳ್ಳಬೇಕೆಂಬ ಬಯಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅಂದದ ಆಸೆಯಲ್ಲಿ ಗಟ್ಟಿಯಾದ ಹಲ್ಲನ್ನೇ ಕೆಡಿಸಿಕೊಳ್ಳುವುದು ವಿವೇಕವಲ್ಲ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸದ್ಭಕ್ತರು ದಂತ ತಪಾಸಣೆಯ ಶಿಬಿರಗಳಲ್ಲಿ ನಮ್ಮನ್ನು ಈಚೆಗೆ ಹೆಚ್ಚಾಗಿ ಕೇಳುತ್ತಿರುವ ಪ್ರಶ್ನೆ ಒಂದೇ: "ಹಲ್ಲಿಗೆ ವೆನೀರ್ ಹಾಕಿಸಬಹುದೇ? ಯಾವುದು ಒಳ್ಳೆಯದು?" ಮೊಬೈಲಿನಲ್ಲಿ ಕಾಣುವ ನಟನಟಿಯರ ಮುತ್ತಿನಂಥ ಹಲ್ಲುಗಳು ಈ ಪ್ರಶ್ನೆಗೆ ಒಂದು ಕಾರಣ. ಇನ್ನೊಂದು ಕಾರಣ ಮದುವೆ.

ತಾಯಿ ಮತ್ತು ಮಗಳು

ನಿಪ್ಪಾಣಿ ಕಡೆಯ ತಾಯಿಯೊಬ್ಬರು ಮದುವೆಯ ವಯಸ್ಸಿನ ಮಗಳನ್ನು ಕರೆದುಕೊಂಡು ಒಂದು ಶಿಬಿರಕ್ಕೆ ಬಂದಿದ್ದರು. "ಈಕಿ ಹಲ್ಲ ನೋಡಿ ಎರಡ ಕಡೆಯವರು ಒಲ್ಲೆ ಅಂದಾರ್ರೀ. ಹತ್ತೂ ಹಲ್ಲಿಗೆ ಹೊದಿಕಿ ಹಾಕಸ್ರಿ ಅಂತ ಒಬ್ಬರು ಹೇಳ್ಯಾರ. ಈ ಸಲದ ಕಬ್ಬಿನ ಬಿಲ್ಲ ಪೂರಾ ಅದಕ್ಕ ಹೋಗತೈತಿ" ಎಂದರು. ಮಗಳ ಬಾಯಿಯನ್ನು ಪರೀಕ್ಷಿಸಿದೆವು. ಹಲ್ಲುಗಳ ಮೇಲೆ ಗಟ್ಟಿಯಾಗಿ ಕಟ್ಟಿದ ಪಾಚಿ, ಕಂದು ಕಲೆ. ಮುಂದಿನ ಒಂದು ಹಲ್ಲಿನ ತುದಿ ಬಾಲ್ಯದಲ್ಲಿ ಬಿದ್ದು ಮುರಿದದ್ದು. ಇಷ್ಟೇ. ಪಾಚಿ ತೆಗೆದು, ಮುರಿದ ತುದಿಯನ್ನು ಹಲ್ಲಿನ ಬಣ್ಣದ ಪದಾರ್ಥದಿಂದ ಕಟ್ಟಿದಾಗ ಹೊದಿಕೆಯ ಮಾತೇ ಉಳಿಯಲಿಲ್ಲ.

ಆ ತಾಯಿ ಮಾತ್ರ ಮಾತನಾಡುವಾಗೆಲ್ಲ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಕೇಳಿದಾಗ, ಇಪ್ಪತ್ತು ವರ್ಷದಿಂದ ದಿನಕ್ಕೆ ಮೂರು ನಾಲ್ಕು ಸಲ ಮಿಶ್ರಿ ತಿಕ್ಕುವ ರೂಢಿ ಇದೆಯೆಂದರು. ಕೆಳದುಟಿಯ ಒಳಭಾಗದಲ್ಲಿ, ಒಸಡಿಗೆ ತಾಗಿದಂತೆ, ಒರೆಸಿದರೂ ಹೋಗದ ಬಿಳಿ ಮಚ್ಚೆ ಇತ್ತು. ಮಗಳ ನಗುವಿಗಾಗಿ ಬಂದ ಆ ತಾಯಿಯ ಬಾಯಿಯನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅವರನ್ನು ಹೆಚ್ಚಿನ ಪರೀಕ್ಷೆಗೆ ಬೆಳಗಾವಿಗೆ ಕಳುಹಿಸಿದೆವು. ಮಚ್ಚೆ ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಅವರು ಮಿಶ್ರಿಯನ್ನು ಬಿಟ್ಟು, ತಪ್ಪದೆ ತಪಾಸಣೆಗೆ ಬರುತ್ತಿದ್ದಾರೆ. ಹಲ್ಲಿನ ಬಣ್ಣದ ವಿಚಾರವನ್ನು ನಾವು ಎಲ್ಲಿಂದ ಆರಂಭಿಸಬೇಕೆಂಬುದನ್ನು ಈ ಪ್ರಸಂಗವೇ ಕಲಿಸುತ್ತದೆ.

ಬಣ್ಣ ಕೆಟ್ಟಿರುವುದು ಹೊರಗೋ, ಒಳಗೋ?

ಹಲ್ಲಿನ ಹೊರಕವಚಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಅದರ ಒಳಗೆ ಹಳದಿ ಛಾಯೆಯ ಡೆಂಟೀನ್, ಅದಕ್ಕೂ ಒಳಗೆ ನರ ಮತ್ತು ರಕ್ತನಾಳಗಳಿರುವ ತಿರುಳು. ಎನಾಮಲನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಹುಟ್ಟಿ ಹೊರಬರುವಷ್ಟರಲ್ಲಿ ಇಲ್ಲವಾಗುತ್ತವೆ. ಆದುದರಿಂದ ಚರ್ಮದಂತೆ, ಮೂಳೆಯಂತೆ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಒಮ್ಮೆ ತೇಯ್ದರೆ ತೇಯ್ದದ್ದೇ.

ಕಲೆಗಳಲ್ಲಿ ಎರಡು ಬಗೆ. ಚಹಾ, ಎಲೆ-ಅಡಿಕೆ, ತಂಬಾಕು, ಬೀಡಿ, ಗುಟ್ಕಾ, ಮಿಶ್ರಿಗಳಿಂದ ಬರುವುದು ಹೊರಗಿನ ಕಲೆ. ತಂಬಾಕಿನ ವ್ಯಾಪಾರಕ್ಕೆ ಹೆಸರಾದ ನಿಪ್ಪಾಣಿಯ ಸುತ್ತಲಿನ ನಮ್ಮ ಸೀಮೆಯಲ್ಲಿ ಇದೇ ಹೆಚ್ಚು. ತಂಬಾಕನ್ನು ಹುರಿದು ಪುಡಿ ಮಾಡಿದ ಮಿಶ್ರಿಯನ್ನು ಹಲ್ಲುಪುಡಿಯೆಂದೇ ತಿಳಿದ ತಾಯಂದಿರು ಅನೇಕರಿದ್ದಾರೆ. ಅದು ಹಲ್ಲುಪುಡಿಯಲ್ಲ, ತಂಬಾಕು. ಹೊರಗಿನ ಕಲೆಗೆ ವೈದ್ಯರಲ್ಲಿ ಹಲ್ಲು ಸ್ವಚ್ಛಗೊಳಿಸಿಕೊಂಡರೆ ಬಹುಮಟ್ಟಿಗೆ ಸಾಕು. ಸ್ವಚ್ಛಗೊಳಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಿಜವೇನೆಂದರೆ, ಪಾಚಿಯಿಂದ ಒಸಡು ಕುಗ್ಗಿ ಹಲ್ಲು ಮೊದಲೇ ಸಡಿಲವಾಗಿರುತ್ತದೆ. ಪಾಚಿ ತೆಗೆದಾಗ ಅದು ಅರಿವಿಗೆ ಬರುತ್ತದೆ.

ಎರಡನೆಯದು ಒಳಗಿನ ಕಲೆ. ಬಾಲ್ಯದಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದ್ದರೆ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಪಟ್ಟೆ ಅಥವಾ ಕಂದು ಮಚ್ಚೆಗಳು ಮೂಡುತ್ತವೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಂ ಮೀರಕೂಡದು ಎಂಬುದು ನಮ್ಮ ದೇಶದ ಮಾನಕ. ಏಟು ಬಿದ್ದು ನರ ಸತ್ತ ಹಲ್ಲು ಕಪ್ಪಾಗುವುದು, ಎಳವೆಯಲ್ಲಿ ಕೊಟ್ಟ ಟೆಟ್ರಾಸೈಕ್ಲಿನ್ ಔಷಧದಿಂದ ಹಲ್ಲು ಬೂದು ಬಣ್ಣಕ್ಕೆ ತಿರುಗುವುದು ಕೂಡ ಒಳಗಿನ ಕಲೆಯೇ. ಇವು ಉಜ್ಜಿದರೆ ಹೋಗವು. ಕೆಲವು ಬ್ಲೀಚಿಂಗ್‌ನಿಂದ ತಿಳಿಯಾಗುತ್ತವೆ. ಅದಕ್ಕೂ ಬಗ್ಗದ ಕಲೆ, ಹಲ್ಲಿನ ಸಂದು, ಆಕಾರದ ಕೊರತೆ ಇದ್ದಾಗ ಮಾತ್ರ ವೆನೀರ್‌ನ ಸರದಿ.

ವೆನೀರ್ ಎಂದರೇನು?

ಮುಂದಿನ ಹಲ್ಲಿನ ಹೊರಮುಖಕ್ಕೆ ಅಂಟಿಸುವ, ಉಗುರಿನಂಥ ತೆಳುವಾದ ಹೊದಿಕೆಯೇ ವೆನೀರ್. ಹಲ್ಲಿಗೆ ಸುತ್ತಲೂ ಟೋಪಿಯಂತೆ ಕೂರಿಸುವ ಕ್ಯಾಪ್ ಬೇರೆ, ಎದುರಿಗೆ ಮಾತ್ರ ಕೂರುವ ವೆನೀರ್ ಬೇರೆ. ಕ್ಯಾಪ್‌ಗಾಗಿ ಹಲ್ಲನ್ನು ಎಲ್ಲ ಕಡೆಯಿಂದ ಕೊರೆಯಬೇಕಾಗುತ್ತದೆ. ವೆನೀರ್‌ಗೆ ಎದುರಿನ ಮುಖದಲ್ಲಿ ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರ್ ತೆಗೆದರೆ ಸಾಕು.

1928ರ ಸುಮಾರಿಗೆ ಅಮೆರಿಕದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಅವರು ಹಾಲಿವುಡ್ ನಟರ ಹಲ್ಲುಗಳಿಗೆ ಚಿತ್ರೀಕರಣದ ಹೊತ್ತಿಗೆ ಮಾತ್ರ ನಿಲ್ಲುವ ಹೊದಿಕೆಗಳನ್ನು ಸಿದ್ಧಪಡಿಸಿದರು. ಶಾಶ್ವತವಾಗಿ ಅಂಟಿಸುವ ಉಪಾಯ ಆಗ ಇರಲಿಲ್ಲ. 1955ರಲ್ಲಿ ಮೈಕೇಲ್ ಬ್ಯುನೊಕೋರ್ ಅವರು ಫಾಸ್ಫಾರಿಕ್ ಆಮ್ಲದಿಂದ ಎನಾಮಲಿನ ಮೇಲ್ಮೈಯನ್ನು ಒರಟುಗೊಳಿಸಿದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು ತೋರಿಸಿಕೊಟ್ಟರು. 1980ರ ದಶಕದ ಆರಂಭದಲ್ಲಿ ಪಿಂಗಾಣಿಯ ಒಳಮೈಯನ್ನೂ ಆಮ್ಲದಿಂದ ಹದಗೊಳಿಸುವ ವಿಧಾನ ಬಂದ ಮೇಲೆ ಈ ಚಿಕಿತ್ಸೆ ನೆಲೆಗೊಂಡಿತು. ಇಲ್ಲಿ ನೆನಪಿಡಬೇಕಾದ ಮಾತೊಂದಿದೆ: ಹೊದಿಕೆ ಗಟ್ಟಿಯಾಗಿ ನಿಲ್ಲುವುದು ಎನಾಮಲಿನ ಮೇಲೆ. ಹೆಚ್ಚು ಕೊರೆದು ಡೆಂಟೀನ್ ತೆರೆದುಕೊಂಡಷ್ಟೂ ಹಿಡಿತ ಕಡಿಮೆಯಾಗುತ್ತದೆ, ಹಲ್ಲು ಜುಮ್ಮೆನ್ನುವುದು ಹೆಚ್ಚುತ್ತದೆ.

ಬಗೆಗಳು ಮತ್ತು ಅವುಗಳ ತುಲನೆ

1. ಕಂಪಾಸಿಟ್ ವೆನೀರ್: ಹಲ್ಲಿನ ಬಣ್ಣದ ರಾಳವನ್ನು ವೈದ್ಯರು ನೇರವಾಗಿ ಹಲ್ಲಿನ ಮೇಲೆ ಪದರಪದರವಾಗಿ ಇಟ್ಟು, ನೀಲಿ ಬೆಳಕಿನಿಂದ ಗಟ್ಟಿಗೊಳಿಸಿ, ನಯಗೊಳಿಸುತ್ತಾರೆ. ಹಲವು ಸಂದರ್ಭಗಳಲ್ಲಿ ಕೊರೆಯುವ ಅಗತ್ಯವೇ ಬೀಳದು. ಒಂದೇ ಭೇಟಿಯಲ್ಲಿ ಮುಗಿಯಬಹುದು. ವೆಚ್ಚ ಪಿಂಗಾಣಿಗಿಂತ ಬಹಳ ಕಡಿಮೆ. ಚೂರು ಒಡೆದರೆ ಅಲ್ಲಿಗೇ ತೇಪೆ ಹಾಕಬಹುದು. ಕೊರತೆಯೆಂದರೆ ಚಹಾ, ಅರಿಶಿನ, ತಂಬಾಕುಗಳ ಬಣ್ಣವನ್ನು ಅದು ಹೀರಿಕೊಳ್ಳುತ್ತದೆ, ಹೊಳಪು ಮಾಸುತ್ತದೆ. ಆಗಾಗ ನಯಗೊಳಿಸುತ್ತ ಹೋದರೆ ಸುಮಾರು ಐದರಿಂದ ಏಳು ವರ್ಷ ಬಾಳುತ್ತದೆ.

2. ಪಿಂಗಾಣಿ ವೆನೀರ್: ಹಲ್ಲನ್ನು ಸ್ವಲ್ಪ ತೇಯ್ದು, ಅಚ್ಚು ತೆಗೆದು, ಪ್ರಯೋಗಾಲಯದಲ್ಲಿ ತಯಾರಿಸಿ ತಂದು ಅಂಟಿಸುವುದು. ಎರಡು ಮೂರು ಭೇಟಿ ಬೇಕು. ಇದರಲ್ಲಿ ಫೆಲ್ಡ್‌ಸ್ಪಾರ್ ಪಿಂಗಾಣಿ ಅತ್ಯಂತ ಸಹಜವಾಗಿ ಕಾಣುವಂಥದು, ಆದರೆ ನಾಜೂಕು. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜು-ಪಿಂಗಾಣಿ ಅದಕ್ಕಿಂತ ಬಲವಾದುದು, ಅಂದದಲ್ಲಿಯೂ ಹೆಚ್ಚು ಹಿಂದೆ ಬೀಳದು. ಚೆನ್ನಾಗಿ ನೋಡಿಕೊಂಡರೆ ಹತ್ತರಿಂದ ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಮೀರಿ ಬಾಳುತ್ತವೆ. ಕಲೆ ಹಿಡಿಯುವುದು ಅಪರೂಪ. ಆದರೆ ದೊಡ್ಡದಾಗಿ ಒಡೆದರೆ ತೇಪೆ ಸಾಲದು, ಹೊಸದನ್ನೇ ಮಾಡಿಸಬೇಕು.

3. ಕೊರೆಯದೆ ಕೂರಿಸುವ ಅತಿ ತೆಳು ವೆನೀರ್: ಹಲ್ಲನ್ನು ಮುಟ್ಟುವುದಿಲ್ಲ ಎಂಬುದು ಇದರ ಆಕರ್ಷಣೆ. ಸಣ್ಣ ಹಲ್ಲು, ಒಳಕ್ಕೆ ಬಾಗಿದ ಹಲ್ಲು, ಸಂದು ಇರುವವರಿಗೆ ಇದು ಹೊಂದುತ್ತದೆ. ಹಲ್ಲು ಮೊದಲೇ ಮುಂದೆ ಇದ್ದರೆ ಇನ್ನೂ ಉಬ್ಬಿದಂತೆ ಕಾಣುತ್ತದೆ. ಕಡುಗಪ್ಪು ಕಲೆಯನ್ನು ಇದು ಮರೆಮಾಚಲಾರದು.

4. ಜಿರ್ಕೋನಿಯಾ: ಬಹಳ ಗಟ್ಟಿ. ಆದರೆ ಗಾಜಿನ ಅಂಶವಿಲ್ಲದ ಕಾರಣ ಆಮ್ಲದಿಂದ ಹದಗೊಳ್ಳುವುದಿಲ್ಲ. ಅಂಟಿಸಲು ಬೇರೆ ಕ್ರಮ ಬೇಕು. ಇದು ತೆಳು ಹೊದಿಕೆಗಿಂತ ಕ್ಯಾಪ್‌ಗೆ ಹೆಚ್ಚು ಸಲ್ಲುವ ವಸ್ತು. "ಎಲ್ಲಕ್ಕಿಂತ ಗಟ್ಟಿ" ಎಂಬ ಒಂದೇ ಮಾತಿಗೆ ಮರುಳಾಗಬಾರದು.

5. ತೊಟ್ಟು ತೆಗೆಯುವ ಹಲ್ಲಿನ ಹೊದಿಕೆ: ಅಂಚೆಯಲ್ಲಿ ತರಿಸಿಕೊಳ್ಳುವ ಈ ಪ್ಲಾಸ್ಟಿಕ್ ಸಾಲು ಚಿಕಿತ್ಸೆಯೇ ಅಲ್ಲ. ಅದರಡಿ ಆಹಾರ ಸಿಕ್ಕಿ ಹುಳುಕು ಬೆಳೆಯುತ್ತದೆ, ಒಸಡು ಊದಿಕೊಳ್ಳುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಒಂದೆರಡು ಹಲ್ಲಿನ ಕೊರತೆ, ಚಿಕ್ಕ ವಯಸ್ಸು, ಮಿತವಾದ ಹಣ ಇದ್ದಲ್ಲಿ ಕಂಪಾಸಿಟ್ ಮೇಲು. ಬ್ಲೀಚಿಂಗ್‌ಗೆ ಬಗ್ಗದ ಗಾಢ ಕಲೆ ಹಲವು ಹಲ್ಲುಗಳಲ್ಲಿದ್ದು, ಎನಾಮಲ್ ಸಾಕಷ್ಟಿದ್ದು, ದುಶ್ಚಟವಿಲ್ಲದವರಿಗೆ ಪಿಂಗಾಣಿ ಸರಿ. ಬ್ಲೀಚಿಂಗ್ ಬೇಕಿದ್ದರೆ ಅದನ್ನು ಮೊದಲು ಮುಗಿಸಿ, ಎರಡು ವಾರ ಬಿಟ್ಟು ಹೊದಿಕೆ ಅಂಟಿಸಬೇಕು. ಒಮ್ಮೆ ಕೂರಿಸಿದ ವೆನೀರ್‌ನ ಬಣ್ಣ ಬ್ಲೀಚಿಂಗ್‌ನಿಂದ ಬದಲಾಗದು.

ಯಾರಿಗೆ ಬೇಡ?

ಮುಖ ಮತ್ತು ದವಡೆಯ ಬೆಳವಣಿಗೆ ಮುಗಿಯದ ಮಕ್ಕಳಿಗೆ ಪಿಂಗಾಣಿ ವೆನೀರ್ ಬೇಡ. ಹುಳುಕು ಹಲ್ಲು, ಒಸಡಿನ ರೋಗ ಇದ್ದವರು ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು. ಕುಸಿಯುವ ಗೋಡೆಗೆ ಸುಣ್ಣ ಬಳಿದರೆ ಏನು ಫಲ? ನಿದ್ದೆಯಲ್ಲಿ ಹಲ್ಲು ಕಡಿಯುವವರ ಹೊದಿಕೆ ಬೇಗ ಒಡೆಯುತ್ತದೆ. ವಕ್ರ ಹಲ್ಲನ್ನು ಕೊರೆದು ಹೊದಿಕೆಯಿಂದ ನೇರ ಕಾಣಿಸುವ ಬದಲು ತಂತಿ ಹಾಕಿಸಿ ನೇರಗೊಳಿಸುವುದು ನಿಧಾನವಾದರೂ ಹಲ್ಲನ್ನು ಉಳಿಸುವ ದಾರಿ.

ನಮ್ಮ ಸೀಮೆಗೆ ವಿಶೇಷವಾದ ಒಂದು ಎಚ್ಚರಿಕೆ ಇದೆ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ಈ ನಾಡಿನಲ್ಲಿ ಕಬ್ಬಿನ ಗಣಿಕೆಯನ್ನು ಮುಂದಿನ ಹಲ್ಲಿನಿಂದ ಸಿಗಿದು ತಿನ್ನುವುದು ಹುಟ್ಟು ರೂಢಿ. ವೆನೀರ್ ಹಾಕಿಸಿಕೊಂಡವರು ಆ ಸುಖವನ್ನು ಬಿಡಬೇಕು. ಕತ್ತರಿಸಿದ ತುಂಡನ್ನು ಹಿಂದಿನ ಹಲ್ಲಿನಿಂದ ಅಗಿಯಬಹುದು. ದಾರ ಕಡಿಯುವುದು, ಬಾಟಲಿಯ ಮುಚ್ಚಳ ತೆಗೆಯುವುದು, ಅಡಿಕೆ ಒಡೆಯುವುದು ಇವೂ ಸಲ್ಲವು.

ತಂಬಾಕು, ಗುಟ್ಕಾ, ಮಿಶ್ರಿ ಬಳಸುವವರಿಗೆ ನಮ್ಮ ಉತ್ತರ ನೇರವಾದುದು: ಮೊದಲು ಚಟ ಬಿಡಿ, ಆಮೇಲೆ ಹೊದಿಕೆಯ ಮಾತು. ಹೊದಿಕೆ ಹಲ್ಲಿನ ಕಲೆಯನ್ನು ಮುಚ್ಚೀತು. ಕೆನ್ನೆಯ ಒಳಗಿನ ರೋಗವನ್ನು ಮುಚ್ಚಲಾರದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಪ್ರಕಟಿಸಿದೆ. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಖಾರ ತಾಗಿದರೆ ಉರಿ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಚಟ ಬಿಡಲು ನೆರವು ಬೇಕಾದವರು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ವೈದ್ಯರ ಮುಂದೆ ಪ್ರಶ್ನೆ ಕೇಳುವುದು ಅವಿನಯವಲ್ಲ. ನನ್ನ ಕಲೆ ಹೊರಗಿನದೋ ಒಳಗಿನದೋ? ಸ್ವಚ್ಛತೆ ಅಥವಾ ಬ್ಲೀಚಿಂಗ್ ಸಾಕಾಗದೇ? ಎಷ್ಟು ಹಲ್ಲಿಗೆ, ಏಕೆ ಅಷ್ಟಕ್ಕೇ? ಎಷ್ಟು ಕೊರೆಯುವಿರಿ? ಅಂಟಿಸುವ ಮೊದಲು ಮಾದರಿಯನ್ನು ನನ್ನ ಬಾಯಲ್ಲಿಯೇ ತೋರಿಸುವಿರಾ? ದರ ಹಲ್ಲಿಗೊಂದರಂತೆ ಇರುವುದರಿಂದ ಒಟ್ಟು ಖರ್ಚು ಎಷ್ಟು? ಹತ್ತು ಹದಿನೈದು ವರ್ಷದ ಮೇಲೆ ಬದಲಿಸುವ ಖರ್ಚು ಯಾರದು? ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಕಿಸಿಕೊಂಡವರು ಜೀವಮಾನದಲ್ಲಿ ಮೂರು ನಾಲ್ಕು ಸಲ ಬದಲಿಸಬೇಕಾದೀತು ಎಂಬುದನ್ನು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಬೇಕು.

ದಂತವೈದ್ಯ ಪದವಿ ಪಡೆದು ದಂತವೈದ್ಯ ಪರಿಷತ್ತಿನಲ್ಲಿ ನೋಂದಾಯಿತರಾದವರಲ್ಲಿ ಮಾತ್ರ ಈ ಚಿಕಿತ್ಸೆ ಪಡೆಯತಕ್ಕದ್ದು. ಸಂದೇಹವಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬೇಕು. 1985ರಲ್ಲಿ ಆರಂಭವಾದ ಬೆಳಗಾವಿಯ ಕೆ.ಎಲ್.ಇ. ವಿಶ್ವನಾಥ ಕತ್ತಿ ದಂತ ವಿಜ್ಞಾನ ಸಂಸ್ಥೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಕಾಗವಾಡ, ಅಥಣಿಯವರಿಗೆ ಸಾಂಗಲಿಯ ದಂತ ಕಾಲೇಜುಗಳು ಹತ್ತಿರ. ಇಂಥ ಕಾಲೇಜುಗಳಲ್ಲಿ ಹಲವು ವಿಭಾಗಗಳ ತಜ್ಞರು ಒಂದೇ ಕಡೆ ದೊರೆಯುತ್ತಾರೆ.

ಕೊನೆಯ ಮಾತು

ಹೆಣ್ಣು ನೋಡಲು ಬರುವ ಹಿರಿಯರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಹಲ್ಲಿನ ಬಣ್ಣ ನೋಡಿ ಮಗುವೊಂದನ್ನು ಒಲ್ಲೆನ್ನುವ ಮುನ್ನ, ಆ ಕಲೆ ಕುಡಿದ ನೀರಿನದೋ, ಸ್ವಚ್ಛಗೊಳಿಸಿದರೆ ಹೋಗುವಂಥದೋ ಎಂದು ಯೋಚಿಸಿರಿ. ಮೈಬಣ್ಣ, ಕುಲ, ಸಿರಿಗಳಿಂದ ಮನುಷ್ಯರನ್ನು ಅಳೆಯಬಾರದೆಂದು ಕಲಿತ ಸಮಾಜ ನಮ್ಮದು. ಹಲ್ಲಿನಿಂದ ಅಳೆಯುವುದು ಅದಕ್ಕೆ ಒಪ್ಪದು.

ದಿನಕ್ಕೆರಡು ಸಲ ಹಲ್ಲುಜ್ಜುವುದು, ವರ್ಷಕ್ಕೊಮ್ಮೆ ತಪಾಸಣೆ, ತಂಬಾಕಿನಿಂದ ದೂರ ಇರುವುದು ಇವಿಷ್ಟಿದ್ದರೆ ಬಹುಜನರಿಗೆ ಹೊದಿಕೆಯ ಅಗತ್ಯವೇ ಬೀಳದು. ನಿಜವಾಗಿ ಬೇಕಾದವರು ತಿಳಿದು, ಕೇಳಿ, ಲೆಕ್ಕ ಹಾಕಿ ಮಾಡಿಸಿಕೊಳ್ಳಲಿ. ಮಗಳ ಹಲ್ಲಿನ ಜೊತೆಗೆ ಅವ್ವನ ಬಾಯಿಯನ್ನೂ ಒಮ್ಮೆ ತೋರಿಸಿರಿ. ಸೆರಗಿನ ಮರೆಯಿಲ್ಲದೆ ಇಬ್ಬರೂ ನಗುವಂತಾಗಲಿ.