ಬೇಸ್ ಹಿಡಿದವರಿಗೆ ಒಂದು ಕಿವಿಮಾತು

ಮಗೂ, ನಿಮ್ಮ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವವರು ಆಗಲೇ ಇಬ್ಬರಿದ್ದರು, ಅದಕ್ಕೇ ನಿನ್ನ ಕೈಗೆ ಬೇಸ್ ಬಂತು. ಮನಸ್ಸು ಸಣ್ಣದು ಮಾಡಿಕೊಳ್ಳಬೇಡ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕೂಡ ಮೊದಲು ಗಿಟಾರ್ ನುಡಿಸುತ್ತಿದ್ದವರೇ. 1961ರಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಯ ಹಾದಿ ಹಿಡಿದು ತಂಡ ಬಿಟ್ಟಾಗ, ಆ ಜಾಗ ತುಂಬುವ ಕೆಲಸ ಇವರ ಹೆಗಲಿಗೆ ಬಿತ್ತು. ಅಮೆರಿಕದ ಕ್ಯಾರಲ್ ಕೇ ಕೂಡ ಗಿಟಾರ್ ವಾದಕಿ. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸಿನವರು ಬಾರದೇ ಹೋದಾಗ ಆಕೆ ಬೇಸ್ ಎತ್ತಿಕೊಂಡರು. ಇಬ್ಬರೂ ಆ ವಾದ್ಯದ ದೊಡ್ಡ ಹೆಸರುಗಳಾದರು. ವಾದ್ಯ ಕೈಗೆ ಹೇಗೆ ಬಂತು ಎಂಬುದನ್ನು ಯಾರೂ ಕೇಳುವುದಿಲ್ಲ. ಬಂದ ಮೇಲೆ ಅದಕ್ಕೆ ಎಷ್ಟು ಮನಸ್ಸು ಕೊಟ್ಟೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಮೊದಲು ನಿನ್ನ ಕೈಯಲ್ಲಿರುವ ಶಕ್ತಿ ಎಂಥದ್ದೆಂದು ತಿಳಿದುಕೋ. ಕೀಬೋರ್ಡ್ ನುಡಿಸುವವರು ಸಿ, ಇ, ಜಿ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಸಿ ಮೇಜರ್. ಕೆಳಗಿನಿಂದ ನೀನು ಸಿ ನುಡಿಸಿದರೆ ಅದು ಹಾಗೇ ನಿಲ್ಲುತ್ತದೆ. ಎ ನುಡಿಸಿದೆಯೋ, ಅದೇ ಮೂರು ಸ್ವರಗಳು ಎ ಮೈನರ್ ಸೆವೆಂತ್ ಆಗಿಬಿಡುತ್ತವೆ, ಹಾಡಿಗೆ ತುಸು ವಿಷಾದ ತಟ್ಟುತ್ತದೆ. ಕೀಬೋರ್ಡಿನವರ ಬೆರಳು ಕದಲಿಲ್ಲ. ಅವರು ನುಡಿಸಿದ್ದಕ್ಕೆ ಬೇರೆ ಅರ್ಥ ಕೊಟ್ಟಿದ್ದು ನೀನು. ಹಾಗಾಗಿ ಬೆರಳು ಓಡಿಸುವುದಕ್ಕಿಂತ ಮುಂಚೆ ಹಾಡಿನ ಕಾರ್ಡ್‌ಗಳು ನಿನಗೆ ಬಾಯಿಪಾಠವಾಗಿರಲಿ. ಯಾವ ಸ್ವರದ ಮೇಲೆ ಯಾವ ಕಾರ್ಡ್ ನಿಂತಿದೆ ಎಂದು ತಿಳಿಯದೆ ನುಡಿಸುವ ಬೇಸ್ ವಾದಕ ಉಳಿದವರ ಶ್ರಮವನ್ನೂ ಕೆಡಿಸುತ್ತಾನೆ.

ಎರಡನೆಯದು ಲಯ. ಡ್ರಮ್ಸ್ ನುಡಿಸುವವರ ಬಲಗಾಲನ್ನು ನೋಡುತ್ತಿರು. ಆ ಕಿಕ್ ಡ್ರಮ್ಮಿನ ಏಟೂ ನಿನ್ನ ಸ್ವರವೂ ಒಂದೇ ಗಳಿಗೆಯಲ್ಲಿ ಬಿದ್ದರೆ ಕೇಳುವವರಿಗೆ ಎರಡು ವಾದ್ಯ ಕೇಳಿಸುವುದಿಲ್ಲ, ಒಂದೇ ಗಟ್ಟಿ ದನಿ ಕೇಳಿಸುತ್ತದೆ. ಸ್ವರ ಎಲ್ಲಿ ಶುರುವಾಗಬೇಕೆಂದು ಎಲ್ಲರೂ ಕಲಿಯುತ್ತಾರೆ, ಎಲ್ಲಿ ನಿಲ್ಲಬೇಕೆಂದು ಕಲಿಯುವವರು ಕಡಿಮೆ. ಸ್ನೇರ್ ಬೀಳುವ ಹೊತ್ತಿಗೆ ನಿನ್ನ ಸ್ವರ ನಿಲ್ಲಿಸಿ ನೋಡು, ಸ್ನೇರಿನ ಏಟು ಚುರುಕಾಗಿ ಎದ್ದು ಕೇಳುತ್ತದೆ. ಅದೇ ಸ್ವರವನ್ನು ಸ್ನೇರಿನ ಮೇಲೂ ಎಳೆದರೆ ಹಾಡಿಗೆ ತೂಕ ಬರುತ್ತದೆ. ಎರಡೂ ಸರಿಯೇ, ಆದರೆ ಯಾವುದು ಬೇಕೆಂದು ತಿಳಿದೇ ಆರಿಸಿಕೊಳ್ಳಬೇಕು. ನುಡಿಸದೇ ಇರುವ ತಂತಿಗಳು ತಾವಾಗಿಯೇ ಗುಂಯ್‌ಗುಡದಂತೆ ಎರಡೂ ಕೈಯಿಂದ ಅದುಮಿ ಹಿಡಿಯುವುದನ್ನು ರೂಢಿಸಿಕೋ. ಮೆಟ್ರೋನೋಮನ್ನು 60ಕ್ಕೆ ಇಟ್ಟು ನಿಧಾನವಾಗಿ ಸಾಧನೆ ಮಾಡು. ಅದು ಹಿಡಿತಕ್ಕೆ ಬಂದಮೇಲೆ ಎರಡನೆಯ ಮತ್ತು ನಾಲ್ಕನೆಯ ಬೀಟಿಗೆ ಮಾತ್ರ ಟಿಕ್ ಬರುವಂತೆ ಇಟ್ಟುಕೋ. ಉಳಿದ ಬೀಟುಗಳು ನಿನ್ನೊಳಗಿಂದ ಬರಬೇಕು.

'ಬೇಸಿನವನು ಕಡಿಮೆ ನುಡಿಸಬೇಕು' ಎಂದು ನಿನಗೆ ಬಹಳ ಜನ ಹೇಳುತ್ತಾರೆ. ನಾನು ಅದನ್ನೇ ಸ್ವಲ್ಪ ತಿದ್ದಿ ಹೇಳುತ್ತೇನೆ: ಜಾಗ ನೋಡಿ ನುಡಿಸಬೇಕು. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರನ್ನು ಕೇಳು. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದ ಅವರು ಕಡಿಮೆ ನುಡಿಸಿದವರಲ್ಲ, ಅವರ ಬೇಸ್ ಹಾಡಿನುದ್ದಕ್ಕೂ ಓಡಾಡುತ್ತಲೇ ಇರುತ್ತದೆ. ಆದರೂ ಗಾಯಕರಿಗೆ ಎಲ್ಲೂ ಅಡ್ಡ ಬರುವುದಿಲ್ಲ. ಸಾಹಿತ್ಯದ ಸಾಲು ಮುಗಿದು ಗಾಯಕರು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಚಿಗುರುತ್ತದೆ, ಸಾಲು ಮತ್ತೆ ಎತ್ತಿಕೊಂಡಾಗ ಅದರ ಕೆಳಗೆ ಬಂದು ನಿಲ್ಲುತ್ತದೆ. ಮೋಟೌನ್ ಆಲ್ಬಂಗಳ ಮೇಲೆ ವರ್ಷಗಟ್ಟಲೆ ವಾದಕರ ಹೆಸರೇ ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂನಲ್ಲಿ ಆ ಹೆಸರುಗಳು ಅಚ್ಚಾದವು. ಹೆಸರಿಲ್ಲದ ಅಷ್ಟೂ ವರ್ಷ ಜೇಮರ್ಸನ್ ಒಂದು ಸ್ವರವನ್ನೂ ಉಡಾಫೆಯಿಂದ ನುಡಿಸಲಿಲ್ಲ. ಚಪ್ಪಾಳೆ ಮೊದಲು ಗಾಯಕರಿಗೆ, ಆಮೇಲೆ ಗಿಟಾರಿಗೆ ಬೀಳುವಾಗ ಈ ಮಾತು ನೆನಪಿರಲಿ.

ಕಿವಿ ಪಳಗಿಸಲು ದೂರ ಹೋಗಬೇಕಿಲ್ಲ. ಶಂಕರ್‌ನಾಗ್ ಅವರ 'ಗೀತಾ' (1981), ಮಣಿರತ್ನಂ ಅವರ 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳು ನಿನಗೆ ಗೊತ್ತೇ ಇವೆ, ಎರಡಕ್ಕೂ ಸಂಗೀತ ಇಳಯರಾಜ ಅವರದು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಆ ಹಾಡುಗಳ ಬೇಸನ್ನು ಮಾತ್ರ ಹಿಂಬಾಲಿಸು. ಅದು ಕಾರ್ಡಿನ ಮೂಲಸ್ವರವನ್ನೇ ಕುಟ್ಟುತ್ತಾ ಕೂತಿಲ್ಲ, ತನ್ನದೇ ಒಂದು ರಾಗಧಾಟಿ ಹಾಡುತ್ತಿದೆ. ಮೊದಲು ಅದನ್ನು ಬಾಯಲ್ಲಿ ಗುನುಗು, ಆಮೇಲೆ ತಂತಿಯ ಮೇಲೆ ಹುಡುಕು. ಬಾಯಿಗೆ ಬಾರದ್ದು ಬೆರಳಿಗೆ ಬಂದರೂ ನಿಲ್ಲುವುದಿಲ್ಲ. ಮೊಬೈಲ್ ಸ್ಪೀಕರ್ ನಂಬಬೇಡ. ನಿನ್ನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಅಷ್ಟು ತಗ್ಗಿನ ನಾದ ಆ ಪುಟ್ಟ ಸ್ಪೀಕರಿಗೆ ಎಟುಕುವುದಿಲ್ಲ.

ವೇದಿಕೆಯ ಶಿಸ್ತೂ ಒಂದು ಗುಣವೇ. ಸೌಂಡ್‌ಚೆಕ್ ಹೊತ್ತಿಗೆ ಕೆಳಗಿಳಿದು ಸಭಿಕರ ಜಾಗದಲ್ಲಿ ನಿಂತು ಕೇಳು. ಆಂಪನ್ನು ಮೂಲೆಗೆ ಒತ್ತಿ ಇಟ್ಟರೆ ತಗ್ಗು ನಾದ ಉಬ್ಬಿಕೊಂಡು ಎಲ್ಲವನ್ನೂ ಕಲಸುತ್ತದೆ, ಗೋಡೆಯಿಂದ ತುಸು ಈಚೆಗೆ ತಾ. ಗಾಯಕರ ಮಾತು ಸ್ಪಷ್ಟವಾಗಿ ಕೇಳದಿದ್ದರೆ ಮೊದಲು ನಿನ್ನ ವಾಲ್ಯೂಮ್ ಇಳಿಸು. ಒಂದು ಹೆಚ್ಚಿನ ಕೇಬಲ್, ಟ್ಯೂನರ್, ಆಕ್ಟಿವ್ ಬೇಸ್ ಆದರೆ ಹೊಸ ಬ್ಯಾಟರಿ ಸದಾ ಚೀಲದಲ್ಲಿರಲಿ. ಹೇಳಿದ ಹೊತ್ತಿಗೆ ಹೋಗು. ಶ್ರುತಿ ಮಾಡಿಕೊಂಡು ಸಿದ್ಧವಾಗಿರುವ ಬೇಸ್ ವಾದಕನನ್ನು ಯಾವ ಬ್ಯಾಂಡೂ ಬಿಟ್ಟುಕೊಡುವುದಿಲ್ಲ.

ಸ್ಲ್ಯಾಪ್, ಸೋಲೊ, ವೇಗ ಇವೆಲ್ಲ ಕಲಿ, ಬೇಡವೆನ್ನುವುದಿಲ್ಲ. ಆದರೆ ಮುಂದಿನ ರಿಹರ್ಸಲ್‌ಗೆ ನೀನೂ ಡ್ರಮ್ಸ್ ನುಡಿಸುವ ನಿನ್ನ ಗೆಳೆಯನೂ ಅರ್ಧ ಗಂಟೆ ಮುಂಚೆ ಹೋಗಿ. ಹಾಡಿಲ್ಲದೆ, ಗಿಟಾರಿಲ್ಲದೆ, ಇಬ್ಬರೇ ಕೂತು ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿ. ಅಷ್ಟರಿಂದಲೇ ಕೇಳುವವರ ಕಾಲು ತಾನಾಗಿ ತಾಳ ಹಾಕುವಂತಾಗಬೇಕು. ಅಲ್ಲಿಯವರೆಗೆ ಬಿಡಬೇಡಿ.